ಕೋಡು ಮುಟ್ಟಿದರೆ ಮಂಡಿಯೂರುವ ಚಿಗರಿ

ಹೊಸದಾಗಿ ಖಾಕಿ ತೊಟ್ಟು ಅರಣ್ಯ ಇಲಾಖೆಗೆ ಸೇರಿದ ಹುಡುಗರು ಆಗಾಗ ನನ್ನ ಮನೆಗೆ ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ ಮಾತು: "ಎಷ್ಟು ಮಂದಿ ಕಳ್ಳಬೇಟೆಗಾರರನ್ನ ಹಿಡಿದ್ರಿ ಸರ್?" ಹಿಡಿದೆವಪ್ಪ, ಹಿಡಿದೆವು. ಹಿಡಿಯೋದೇನು ಮಹಾ. ಬಸ್‌ ಸ್ಟ್ಯಾಂಡಿನಲ್ಲಿ ಒಂದು ಚೀಲ ತಾನೇ ತಾನಾಗಿ ಅಲುಗಾಡಿದರೆ ಯಾರು ಬೇಕಾದರೂ ಹಿಡಿದಾರು. ಹಿಡಿದ ಮೇಲೆ ಆ ಚೀಲದೊಳಗಿನ ಜೀವವನ್ನು ಏನು ಮಾಡಿದಿರಿ ಅಂತ ಇವತ್ತಿನವರೆಗೆ ಒಬ್ಬನೂ ಕೇಳಿಲ್ಲ. ನಾನು ಬರೆಯುತ್ತಿರುವುದು ಅದನ್ನೇ. ಓದಿ ಸಂತೋಷಪಡುವಂಥದ್ದು ಇದರಲ್ಲಿ ಕಡಿಮೆ. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ.

ಎಪ್ಪತ್ತರ ದಶಕದಲ್ಲಿ, ವನ್ಯಪ್ರಾಣಿಗಳ ಕಾಯ್ದೆ ಇನ್ನೂ ಹೊಸದಾಗಿದ್ದಾಗ, ನಾನು ಬಳ್ಳಾರಿಯಲ್ಲಿ ಫಾರೆಸ್ಟ್ ಗಾರ್ಡ್. ಕಂಟೋನ್ಮೆಂಟಿನಲ್ಲಿ ಹಳೇ ಬಂಗಲೆಯೊಂದರ ಹಿಂದೆ ಬ್ರಿಟಿಷರ ಕಾಲದ ಕುದುರೆ ಲಾಯ ಇತ್ತು. ಹಿಡಿದು ತಂದ ಪ್ರಾಣಿಗಳನ್ನೆಲ್ಲ ಅಲ್ಲೇ ಇಡುತ್ತಿದ್ದೆವು. ಅವುಗಳ ಉಸ್ತುವಾರಿ ನನ್ನ ತಲೆಗೆ ಬಿತ್ತು. ಯಾಕೆ ಅಂದರೆ, ನಮ್ಮಪ್ಪ ಎಮ್ಮೆ ಕಟ್ಟಿದ್ದ ಅಂತ ಒಂದು ಸಲ ಬಾಯಿತಪ್ಪಿ ಹೇಳಿದ್ದೆ. ಅಷ್ಟೇ ಅರ್ಹತೆ! ಇಲಾಖೆ ನಮಗೆ ಕಲಿಸಿದ್ದು ಸೆಲ್ಯೂಟ್ ಹೊಡೆಯೋದು, ಮಹಜರು ಬರೆಯೋದು, ಮರದ ಸುತ್ತಳತೆ ತೆಗೆಯೋದು. ಜೀವ ಉಳಿಸೋದನ್ನು ಯಾರೂ ಕಲಿಸಿರಲಿಲ್ಲ, ಕಲಿಸಬೇಕು ಅಂತ ಯಾರಿಗೂ ಹೊಳೆದೂ ಇರಲಿಲ್ಲ.

ನಮ್ಮ ರೇಂಜರು ವಿರೂಪಾಕ್ಷಪ್ಪನವರು. ಟೋಪಿಯ ಕೆಳಗೆ ಯಾವಾಗಲೂ ಮೂರೆಳೆ ವಿಭೂತಿ, ಮೂಗಿನ ತುದಿಯಲ್ಲಿ ಸಿಟ್ಟು. ಯಾರ ಹತ್ತಿರವೂ ಒಂದು ಕಪ್ ಚಹಾ ಸಹ ಮುಟ್ಟದ ಮನುಷ್ಯ. ಒಮ್ಮೆ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಉಳ್ಳಾಗಡ್ಡಿ ಅಂತ ಬುಕ್ ಮಾಡಿದ್ದ ಚೀಲಗಳನ್ನು ಬಿಚ್ಚಿಸಿದರೆ ಒಳಗೆ ಬರೀ ನಕ್ಷತ್ರ ಆಮೆಗಳು. ಮದ್ರಾಸಿಗೆ ಹೊರಟಿದ್ದವು. ಬೆನ್ನ ಮೇಲೆ ಹಳದಿ ಗೆರೆ, ನೋಡಲು ಬಲು ಚೆಂದ. ಪಾಪ, ಬಾಯಾರಿರುತ್ತವೆ ಅಂತ ಕುದುರೆಗಳ ನೀರಿನ ತೊಟ್ಟಿ ತುಂಬಿಸಿ ಎಲ್ಲವನ್ನೂ ಅದರೊಳಗೆ ಬಿಟ್ಟೆವು. ನಮ್ಮ ಬೆನ್ನು ನಾವೇ ಚಪ್ಪರಿಸಿಕೊಂಡು ಊಟಕ್ಕೆ ಹೋದೆವು. ಸಂಜೆ ಬಂದು ನೋಡಿದರೆ ಅರ್ಧಕ್ಕರ್ಧ ಸತ್ತಿದ್ದವು. ಅವು ನೆಲದ ಆಮೆಗಳು, ಈಜು ಬರದು. ರೇಂಜರು ತೊಟ್ಟಿಯ ಕಟ್ಟೆ ಮೇಲೆ ಕೂತುಬಿಟ್ಟರು.

"ಆಮಿ ನೀರಾಗ ಸಾಯ್ತಾವೇನ್ಲೇ?"

"ನನಗೇನ್ ಗೊತ್ತು ಸಾಹೇಬ್ರ. ನಾನೂ ಈಗ ನೋಡಾಕತ್ತೀನಿ."

ಉಳಿದವನ್ನು ಮರುದಿನ ಸಂಗನಕಲ್ಲಿನ ಗುಡ್ಡದ ಬುಡದಲ್ಲಿ ಬಿಟ್ಟು ಬಂದೆವು.

ಇನ್ನೊಂದು ಸಲ ಕುರುಗೋಡು ಸಂತೆಯಲ್ಲಿ ಒಬ್ಬ ಬುಟ್ಟಿಗಟ್ಟಲೆ ಗಿಳಿ ಮಾರುತ್ತಿದ್ದ. ಹಿಡಿದೆವು. ಜನರೆದುರಿಗೇ ಬಿಟ್ಟರೆ ಎಲ್ಲರಿಗೂ ಬುದ್ಧಿ ಬರುತ್ತದೆ ಅಂತ ರೇಂಜರು ಸಂತೆಯ ನಡುಮಧ್ಯೆ ನಿಂತು ಸಣ್ಣ ಭಾಷಣ ಮಾಡಿ ಬುಟ್ಟಿಯ ಮುಚ್ಚಳ ತೆಗೆದರು. ಗಿಳಿಗಳು ಹಾರಲಿಲ್ಲ. ಒಂದೊಂದಾಗಿ ಬುಟ್ಟಿಯಿಂದಿಳಿದು ಬದನೆಕಾಯಿ ರಾಶಿಗಳ ನಡುವೆ ನಡೆದುಕೊಂಡು ಹೋದವು. ಎಲ್ಲದರ ರೆಕ್ಕೆಯನ್ನೂ ಕತ್ತರಿಸಿದ್ದರು. ಜನ ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ನಾಯಿಗಳು ಬಂದವು, ನಗು ನಿಂತಿತು. ಅಂದಿನಿಂದ ಹೊಸ ಪುಕ್ಕ ಮೂಡುವ ತನಕ ಯಾವ ಹಕ್ಕಿಯನ್ನೂ ಬಿಡಬಾರದು ಅಂತ ನಾವೇ ಒಂದು ರೂಢಿ ಮಾಡಿಕೊಂಡೆವು. ನಮ್ಮ ಕಲಿಕೆಯೆಲ್ಲ ಹೀಗೇ ಆಯಿತು. ನಮಗೆ ಬುದ್ಧಿ ಬರಲಿಕ್ಕೆ ಪ್ರತಿ ಸಲವೂ ಯಾವುದಾದರೂ ಒಂದು ಮೂಕಜೀವ ಸಾಯಬೇಕಾಗುತ್ತಿತ್ತು.

ಆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು ರಾಜನನ್ನು ನೆನೆದರೆ.

ಸಿರುಗುಪ್ಪದ ಕಡೆ ಎರೆಹೊಲಗಳಲ್ಲಿ ಆಗ ಚಿಗರಿ ಹಿಂಡುಗಳು ಬೇಕಾದಷ್ಟಿದ್ದವು. ನೀವು ಪುಸ್ತಕದಲ್ಲಿ ಕೃಷ್ಣಮೃಗ ಅಂತ ಓದಿರುತ್ತೀರಿ, ಅವೇ. ಅವುಗಳನ್ನು ಜೀವಂತ ಹಿಡಿದು ಹೊರಗಿನ ದಲ್ಲಾಳಿಗಳಿಗೆ ಮಾರುವವರು ಇದ್ದರು. ಯಾರೋ ದೊಡ್ಡ ಮನುಷ್ಯರ ತೋಟದಲ್ಲಿ ಶೋಕಿಗೆ ಬೇಕಾಗುತ್ತಿತ್ತು. ಹಾಗೆ ಹಿಡಿಯುತ್ತಿದ್ದ ತಿಮ್ಮಪ್ಪ ಎಂಬವನನ್ನು ಜಾಲಿ ಮೆಳೆಯೊಂದರ ಹತ್ತಿರ ಅಡ್ಡಗಟ್ಟಿದೆವು. ಅವನ ಬಳಿ ಬಲೆಯಿಲ್ಲ, ಬಂದೂಕಿಲ್ಲ. ಇದ್ದದ್ದು ಒಂದು ಸಾಕಿದ ಗಂಡು ಚಿಗರಿ. ಕಪ್ಪು ಮೈ, ಬಿಳಿ ಹೊಟ್ಟೆ, ತಿರುಚಿದ ಉದ್ದನೆಯ ಕೋಡು, ಕೋಡಿಗೆ ನರದ ಉರುಲುಗಳು. ತಿಮ್ಮಪ್ಪನಿಗೆ ಕೈಕೋಳ ಹಾಕುತ್ತಿದ್ದಾಗ ಅದು ಓಡಿಹೋಗಲಿಲ್ಲ. ಅವನ ಅಂಗಿಯ ತುದಿ ಚೀಪುತ್ತಾ ನಿಂತಿತ್ತು.

ತಿಮ್ಮಪ್ಪ ಜೈಲಿಗೆ ಹೋದ, ಚಿಗರಿ ನಮ್ಮ ಲಾಯಕ್ಕೆ ಬಂತು. ಬಂದದ್ದೇ ಮೇವು ಬಿಟ್ಟಿತು. ಹಸಿಹುಲ್ಲು, ಕಡಲೆ ಸೊಪ್ಪು, ಏನು ಹಾಕಿದರೂ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಮೂರನೆಯ ದಿನವೋ ನಾಲ್ಕನೆಯ ದಿನವೋ ಗೇಟಿನ ಹೊರಗೆ ಒಬ್ಬ ಹೆಂಗಸು ಬಂದು ಕೂತಳು. ತಿಮ್ಮಪ್ಪನ ಹೆಂಡತಿ ಹುಲಿಗೆಮ್ಮ. ಜೈಲಿನಲ್ಲಿ ಗಂಡನ ಮುಖ ನೋಡಿಕೊಂಡು ನೇರ ಇಲ್ಲಿಗೆ ಬಂದಿದ್ದಳು.

"ಅಣ್ಣಾ, ನಮ್ಮ ರಾಜ ಉಂಡಾನೇನ್ರಿ?"

"ನಿಮ್ಮ ರಾಜಾನೂ ಇಲ್ಲ, ರಾಣಿನೂ ಇಲ್ಲ. ಅದು ಸರಕಾರದ್ದು. ನಡೀರಿ ಇಲ್ಲಿಂದ."

"ಸರಕಾರದ್ದ ಇರಲಿ ಬಿಡ್ರಿ. ಉಂಡಾನೋ ಇಲ್ಲೋ ಅಷ್ಟ ಹೇಳ್ರಿ."

ಗೇಟು ತೆಗೆದೆ. ಅವಳು ಲಾಯದ ಬಾಗಿಲಲ್ಲಿ ನಿಂತು ತೆಲುಗಿನಲ್ಲಿ "ರಾರಾ ರಾಜಾ" ಅಂದಳು, ಬಾರೋ ರಾಜ ಅಂತ, ಅಷ್ಟೇ. ಚಿಗರಿ ಎದ್ದು ಬಂದು ಅವಳ ಕೈಯಿಂದ ಜೋಳದ ತೆನೆ ತಿಂದಿತು. ಮರಿಯಿದ್ದಾಗಲೇ ತಾಯಿ ಸತ್ತಿತ್ತಂತೆ. ತನ್ನ ಆಡಿನ ಹಾಲು ಕುಡಿಸಿ, ತನ್ನ ಹಾಸಿಗೆಯಲ್ಲೇ ಮಲಗಿಸಿಕೊಂಡು ಬೆಳೆಸಿದ್ದಳಂತೆ. ರೇಂಜರು ಬಂದು ನೋಡಿ ಮೊದಲು ನನ್ನ ಮೇಲೆ ಕೆಂಡಾಮಂಡಲವಾದರು. ಅದು ತಿನ್ನುವುದನ್ನು ನೋಡಿ ತಣ್ಣಗಾದರು. "ದಿನಾ ಬರ್ಲಿ ಅಕಿ. ಆದ್ರ ನಾನು ನೋಡಿಲ್ಲ ಇದನ್ನ" ಅಂದು ಒಳಗೆ ಹೋದರು. ಹುಲಿಗೆಮ್ಮ ಊರಲ್ಲೇ ಉಳಿದು, ಕಟ್ಟಡ ಕೆಲಸಕ್ಕೆ ಮಣ್ಣು ಹೊರುತ್ತಾ, ಹೊತ್ತು ಮುಳುಗುವ ಮುಂಚೆ ಬಂದು ಅದಕ್ಕೆ ತಿನ್ನಿಸಿ ಹೋಗುತ್ತಿದ್ದಳು.

ರಾಜನಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಯಾರಾದರೂ ಅವನ ಕೋಡು ಮುಟ್ಟಿದರೆ ಸಾಕು, ಮುಂಗಾಲು ಎರಡೂ ಮಡಚಿ ಮಂಡಿಯೂರಿ, ತಲೆ ನೆಲಕ್ಕೆ ಹಚ್ಚಿ ಅಲ್ಲಾಡದೆ ನಿಂತುಬಿಡುತ್ತಿದ್ದ. ನಮ್ಮ ಆಫೀಸಿನ ಗುಮಾಸ್ತರು ಮೊದಲು ತಮಾಷೆಗೆ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಒಬ್ಬರು ಕೈಮುಗಿದರು. ಅಲ್ಲಿಂದ ಸುದ್ದಿ ಹಬ್ಬಿತು: ಕಂಟೋನ್ಮೆಂಟಿನಲ್ಲಿ ಒಂದು ಚಿಗರಿ ಐತಿ, ಶಿವನಿಗೆ ನಮಸ್ಕಾರ ಮಾಡ್ತತಿ. ಸೋಮವಾರ ಬಂತೆಂದರೆ ಗೇಟಿನ ಮುಂದೆ ಜನ. ವಿಭೂತಿ, ಬಿಲ್ವಪತ್ರೆ, ಬಾಳೆಹಣ್ಣು. ಕೋಡು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಅವನು ಮಂಡಿಯೂರುವುದು, "ಹರಹರ ಮಹಾದೇವ" ಎನ್ನುವುದು, ಬಾಯಿಗೆ ಹಣ್ಣು ಇಡುವುದು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಯಾರು? ನನ್ನ ಧರ್ಮಪತ್ನಿ ಶಿವಗಂಗಮ್ಮ!

ನನಗೆ ಯಾಕೋ ಸಂಶಯ. ಒಂದು ಸಂಜೆ ಹುಲಿಗೆಮ್ಮನನ್ನೇ ಕೇಳಿದೆ. ಅವಳು ಗಂಡನ ಕಸುಬನ್ನು ಮುಚ್ಚಿಡಲಿಲ್ಲ.

"ಭಕ್ತಿಯೂ ಇಲ್ಲ, ಏನೂ ಇಲ್ಲ ಅಣ್ಣಾ. ಇವನ ಕೋಡಿಗೆ ಉರುಲು ಕಟ್ಟಿ ಹಿಂಡಿನ ಕಡಿ ಬಿಡ್ತೀವಿ. ಹಿಂಡಿನ ದೊಡ್ಡ ಗಂಡು ಇವನ ಮ್ಯಾಲೆ ಜಗಳಕ್ಕ ಬರ್ತತಿ. ಕೋಡಿಗೆ ಕೋಡು ತಾಗಿದ ಕೂಡ್ಲೇ ಇವನು ಮಂಡಿ ಊರಿ ತಲಿ ಕೆಳಗ ಒತ್ತಿ ಹಿಡಿಬೇಕು. ಉರುಲು ಬಿಗೀತತಿ. ನಾವು ಓಡಿ ಹೋಗಿ ಆ ಗಂಡಿನ ಕಾಲು ಕಟ್ತೀವಿ. ನಾವು ಬರೋ ತನಕ ಇವನು ಅಲ್ಲಾಡಬಾರದು. ಹಂಗ ಕಲಿಸೀವಿ."

ಅಷ್ಟರಲ್ಲಿ ಕೋರ್ಟಿನಿಂದ ಆದೇಶವಾಗಿತ್ತು: ಪ್ರಾಣಿಯನ್ನು ಅದರ ಮೂಲ ಜಾಗಕ್ಕೆ ಬಿಡತಕ್ಕದ್ದು. ಮೃಗಾಲಯದವರನ್ನು ಕೇಳಿದ್ದೆವು, ಜಾಗವಿಲ್ಲ ಅಂದಿದ್ದರು. ಹುಲಿಗೆಮ್ಮನಿಗೆ ಕೊಡಲು ಕಾನೂನು ಒಪ್ಪದು. ಹಾಗಾದರೆ ಅವನು ಎರೆಹೊಲಕ್ಕೇ ಹೋಗಬೇಕು. ಹೋದ ಮೇಲೆ ಯಾವುದಾದರೊಂದು ದೊಡ್ಡ ಗಂಡಿಗೆ ಎದುರಾಗಲೇಬೇಕು. ಎದುರಾದಾಗ ಇವನು ಕೋಡು ತಾಗಿದ ತಕ್ಷಣ ಮಂಡಿಯೂರಿ ಕೂತರೆ? ಈ ಸಲ ಉರುಲೂ ಇಲ್ಲ, ಕಾಲು ಕಟ್ಟುವವರೂ ಇಲ್ಲ.

"ಕಲಿಸಿದ್ದನ್ನ ಮರೆಸಾಕ ಆಗ್ತತೇನವ್ವಾ?" ಅಂದೆ.

"ಕಲಿಸಿ ಗೊತ್ತು. ಮರೆಸಿ ಗೊತ್ತಿಲ್ಲ. ನೋಡೂಣು" ಅಂದಳು.

ರೇಂಜರಿಗೆ ಹೇಳಿದೆ. ಅವರು ಕೋರ್ಟಿನಿಂದ ಬಿಡುವ ಗಡುವು ಮುಂದೂಡಿಸಿಕೊಂಡು ಬಂದರು, ಅಷ್ಟರಮಟ್ಟಿಗೆ ಒಳ್ಳೆಯವರು. ಶುರುವಾಯಿತು ನಮ್ಮ ಪಾಠ. ಜಪ್ತಿ ಮಾಲಿನ ಕೋಣೆಯಲ್ಲಿದ್ದ ಒಂದು ಜೊತೆ ಹಳೇ ಕೋಡನ್ನು ಬಿದಿರು ಗಳಕ್ಕೆ ಕಟ್ಟಿದೆವು. ನಾನು ಅದನ್ನು ಹಿಡಿದು ಎದುರಿನ ಗಂಡಾಗಬೇಕು, ಹುಲಿಗೆಮ್ಮ ಹಿಂದಿನಿಂದ ಹಗ್ಗ ಹಿಡಿದಿರಬೇಕು. ಕೋಡು ತಾಗಿದೊಡನೆ ಅವಳು "ವೆನಕ್ಕಿ ರಾ, ರಾಜಾ!" ಅನ್ನುವಳು, ಹಿಂದಕ್ಕೆ ಬಾ ಅಂತ. ಹಗ್ಗ ಜಗ್ಗುವಳು. ಹಿಂದೆ ಸರಿದರೆ ತೆನೆ, ಮಂಡಿಯೂರಿದರೆ ಏನೂ ಇಲ್ಲ. ಮೊದಮೊದಲು ಮಂಡಿಯೂರಿ ನಮ್ಮಿಬ್ಬರ ಮುಖ ನೋಡುತ್ತಿದ್ದ. ನಾನು ಮಾಡಬೇಕಾದ್ದು ಮಾಡಿದೆನಲ್ಲ, ನೀವ್ಯಾಕೆ ಸುಮ್ಮನಿದ್ದೀರಿ ಅನ್ನುವ ಹಾಗೆ. ಹುಲಿಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಹಗ್ಗ ಜಗ್ಗುವಳು. ವಾರದ ಕೊನೆಗೆ ಒಂದೆರಡು ಸಲ ಹಿಂದೆ ಜಿಗಿದ. ಅವತ್ತು ಅವಳು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ.

ಅಷ್ಟರಲ್ಲಿ ಸೋಮವಾರ ಬಂತು.

ಮಂಗಳವಾರ ಗಳದ ಕೋಡು ತಾಗಿಸಿದರೆ ದಬಕ್ಕನೆ ಮಂಡಿ! ಆಗದೆ ಏನು? ಹಿಂದಿನ ದಿನ ಅರ್ಧ ಬಳ್ಳಾರಿ ಅವನ ಕೋಡು ಮುಟ್ಟಿ, ಮಂಡಿಯೂರಿದ ಪ್ರತಿ ಸಲವೂ ಬಾಳೆಹಣ್ಣು ಕೊಟ್ಟಿತ್ತು. ಆರು ದಿನ ನಾವು ಮರೆಸಿದ್ದನ್ನು ಇವರು ಒಂದೇ ದಿನದಲ್ಲಿ ಗಟ್ಟಿ ಮಾಡಿ ಹೋಗುತ್ತಿದ್ದರು. ರೇಂಜರ ಮುಂದೆ ಕೂಗಾಡಿದೆ.

"ಸೋಮವಾರ ಗೇಟು ಮುಚ್ಚಿಸ್ರಿ ಸಾಹೇಬ್ರ. ಇವರು ಭಕ್ತಿ ಮಾಡಿ ಮಾಡಿ ಅದನ್ನ ಕೊಲ್ಲಾಕತ್ಯಾರ."

ಅವರು ವಿಭೂತಿ ಹಣೆಯನ್ನು ಉಜ್ಜಿಕೊಂಡರು. "ಮುಚ್ಚಿದ್ರ ಉಳಿದ ಪ್ರಾಣಿಗೆ ಏನ್ ಹಾಕ್ತಿ? ಸರಕಾರದ ಮೇವು ಬಂದ್ರ ಬಂತು, ಇಲ್ಲಂದ್ರ ಇಲ್ಲ. ಸೋಮವಾರದ ಮಂದಿ ತಂದ ಹುಲ್ಲು, ಕಾಳು, ಹಣ್ಣಿನಾಗ ಇಡೀ ಲಾಯ ಉಣ್ಣಾಕತ್ತತಿ. ಮತ್ತ... ಭಕ್ತಿಯಿಂದ ಬಂದೋರಿಗೆ ನಾನು ಹೆಂಗ ಬ್ಯಾಡ ಅನ್ಲಿ?"

ಅವರ ಮಾತೂ ಸುಳ್ಳಲ್ಲ. ಲಾಯದಲ್ಲಿ ಗಿಳಿಗಳಿದ್ದವು, ಮೊಲಗಳಿದ್ದವು, ಕಾಲು ಮುರಿದ ನರಿಯಿತ್ತು. ಮನೆಗೆ ಬಂದು ಹೆಂಡತಿಗಾದರೂ ಬುದ್ಧಿ ಹೇಳೋಣ ಅಂತ ಕೂತೆ.

"ಅದು ನಮಸ್ಕಾರ ಅಲ್ಲಲೇ. ಬೇಟೆ ಹಿಡಿಯೋರು ಕಲಿಸಿದ ಆಟ. ನೀನು ಮುಟ್ಟಬ್ಯಾಡ."

"ನೀವು ಹುಟ್ಟಿದಾಗಿಂದ ಒಂದು ದೀಪ ಹಚ್ಚಿದೋರಲ್ಲ" ಅಂದಳು ಶಿವಗಂಗಮ್ಮ. "ಕಲಿಸಿದೋರು ಯಾರರ ಇರ್ಲಿ. ಅದರ ತಲಿ ಬಗ್ಗೋದು ಯಾರ ಮುಂದ? ದೇವರು ಯಾರ ಕೈಯಾಗ ಏನ್ ಕಲಿಸ್ತಾನ ನಿಮಗೇನ್ ಗೊತ್ತು?"

ಎಲ್ಲದಕ್ಕೂ ಅವಳ ಬಳಿ ಉತ್ತರ ಇರುತ್ತಿತ್ತು. ಕೆಟ್ಟವಳಲ್ಲ. ರಾಜನಿಗೆ ಅಂತ ಎಲ್ಲರಿಗಿಂತ ಒಳ್ಳೆಯ ಹಣ್ಣನ್ನು ಆರಿಸಿಡುತ್ತಿದ್ದಳು. ಆ ಜನರೊಳಗೆ ಒಬ್ಬರೂ ಕೆಟ್ಟವರಿರಲಿಲ್ಲ. ಅದೇ ನನ್ನ ಸಿಟ್ಟು. ಕೆಟ್ಟವರಾದರೆ ಲಾಠಿ ಹಿಡಿದು ಓಡಿಸಬಹುದಿತ್ತು.

ಕಡೆಗೆ ರೇಂಜರೇ ಒಂದು ಸಂಜೆ ನಮ್ಮ ಪಾಠವನ್ನು ಕಣ್ಣಾರೆ ನೋಡಿದರು. ಹುಲಿಗೆಮ್ಮ ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಸುಮ್ಮನೆ ರಾಜನ ಕೋಡಿಗೆ ಕೈಯಿಟ್ಟಳು. ಅವನು ಮಂಡಿಯೂರಿದ. ಅವಳು ತನ್ನ ಎರಡು ಬೆರಳನ್ನು ಅವನ ಪಕ್ಕೆಗೆ ಚುಚ್ಚಿ, "ಇಲ್ಲೇ ಇರೀತತಿ ನೋಡ್ರಿ, ಆ ಗಂಡು" ಅಂದಳು. ರೇಂಜರು ಮರುದಿನವೇ ಗೇಟಿಗೆ ಬೀಗ ಹಾಕಿಸಿದರು. ಮೇವಿಗೆ ತಮ್ಮ ಸಂಬಳದಿಂದ ಹಾಕಿದರೋ ಎಲ್ಲಿಂದ ತಂದರೋ ನನಗೆ ತಿಳಿಯದು. ಶಿವಗಂಗಮ್ಮ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಬೀಗ ಬಿದ್ದ ಮೇಲೆ ರಾಜ ನಿಜವಾಗಿಯೂ ಸುಧಾರಿಸಿದ. ಗಳದ ಕೋಡು ತಾಗಿದರೆ ಹಿಂದೆ ಹಾರಿ ತಲೆ ಕೊಡವಿ ಬುಸುಗುಡುತ್ತಿದ್ದ. ಒಮ್ಮೆ ನನ್ನನ್ನೇ ಗುದ್ದಿ ಕೆಡವಿದ. ಬಿದ್ದಲ್ಲೇ ಕೂತು ನಾನು ನಕ್ಕೆ, ಹುಲಿಗೆಮ್ಮ ನಕ್ಕಳು, ಜೀಪಿನ ಡ್ರೈವರ್ ಖಾಸಿಂ ಸಾಬ್ "ವಾಹ್ ಬೇಟಾ!" ಅಂತ ಚಪ್ಪಾಳೆ ತಟ್ಟಿದ. ಇನ್ನು ಬಿಡಬಹುದು ಅಂತ ಎಲ್ಲರಿಗೂ ಅನ್ನಿಸಿತು. ಹುಲಿಗೆಮ್ಮ ಮಾತ್ರ, "ಗಳ ಬ್ಯಾರೆ, ಗಂಡು ಬ್ಯಾರೆ ಅಣ್ಣಾ" ಅಂದಳು. ಆದರೆ ಗಡುವು ಮುಗಿದಿತ್ತು, ಇನ್ನೊಮ್ಮೆ ಕೇಳುವ ಹಾಗಿರಲಿಲ್ಲ.

ಸಿರುಗುಪ್ಪದ ಆಚೆ, ಕಾಲುವೆ ನೀರು ಮುಟ್ಟದ ಎರೆಬಯಲಿನಲ್ಲಿ ಜಾಲಿಮುಳ್ಳಿನ ದೊಡ್ಡಿ ಕಟ್ಟಿ ಅವನನ್ನು ಕೆಲವು ದಿನ ಅಲ್ಲಿಟ್ಟೆವು. ಏಕಾಏಕಿ ಬಿಡಬಾರದು, ಗಾಳಿ ನೆಲದ ವಾಸನೆ ಹತ್ತಲಿ ಅಂತ. ಇದೂ ನಾವು ಕಲಿತ ಹೊಸ ರೂಢಿಯೇ. ಆಮೇಲೆ ಒಂದು ಬೆಳಿಗ್ಗೆ ದೊಡ್ಡಿಯ ಮುಳ್ಳು ಸರಿಸಿದೆವು. ಹೊರಬಂದವನು ಮೊದಲು ಹುಲಿಗೆಮ್ಮನ ಕಡೆ ನೋಡಿದ. ಅವಳು ಬೆನ್ನು ತಿರುಗಿಸಿ ನಿಂತಳು. ಕರೆಯಬಾರದು ಅಂತ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಅವನು ಸ್ವಲ್ಪ ಹೊತ್ತು ಕಾದು, ಬಯಲಿಗೆ ನಡೆದ. ದೂರದಲ್ಲಿ ಹೆಣ್ಣು ಚಿಗರಿಗಳು ಮೇಯುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಅವುಗಳ ನಡುವೆ ಇವನ ಕಪ್ಪು ಬೆನ್ನು ಕಂಡಿತು. ರೇಂಜರು ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. "ಬದುಕಿದ್ನಲೇ!" ಅಂದರು. ನಾನೂ ಹಾಗೇ ಅಂದುಕೊಂಡೆ. ನನ್ನ ನೌಕರಿಯಲ್ಲಿ ಅಷ್ಟು ಸಂತೋಷದ ಮಧ್ಯಾಹ್ನ ಇನ್ನೊಂದಿಲ್ಲ.

ಮರುದಿನ ಬೆಳಿಗ್ಗೆ ಹಿಂಡಿನ ಯಜಮಾನ ಬಂತು.

ನಾವು ಒಂದು ಹೊಲದ ಬದುವಿನ ಮೇಲಿದ್ದೆವು, ಅವು ಮೂರು ಹೊಲದಾಚೆ. ದೊಡ್ಡ ಗಂಡು ಮೂತಿ ಮೇಲೆತ್ತಿ, ಹೆಜ್ಜೆ ಎಣಿಸಿದ ಹಾಗೆ ರಾಜನ ಕಡೆಗೆ ನಡೆದು ಬಂತು. ರಾಜ ಓಡಲಿಲ್ಲ. ಎರಡೂ ತಲೆ ತಗ್ಗಿಸಿದವು. ಕೋಡು ಕೋಡು ತಾಗಿದ್ದು ನಮಗೆ ಕೇಳಿಸಿತು. ರಾಜ ಹಿಂದಕ್ಕೆ ಹಾರಿದ. "ಶಾಬಾಸ್!" ಅಂದ ಖಾಸಿಂ ಸಾಬ್. ಮತ್ತೆ ತಾಗಿತು, ಮತ್ತೆ ಹಾರಿದ. ಮೂರನೆಯ ಸಲ ಆ ಗಂಡು ಜೋರಾಗಿ ಬಂದು ಬಡಿಯಿತು, ಎರಡರ ಕೋಡೂ ಒಂದಕ್ಕೊಂದು ಸಿಕ್ಕಿಕೊಂಡವು. ಆಗ ರಾಜ ಮುಂಗಾಲು ಮಡಚಿ, ಮಂಡಿಯೂರಿ, ತಲೆ ನೆಲಕ್ಕೆ ಒತ್ತಿ ಹಿಡಿದ.

"ವೆನಕ್ಕಿ! ವೆನಕ್ಕಿ ರಾ ರಾಜಾ!" ಹುಲಿಗೆಮ್ಮ ಕಿರುಚಿದಳು. ಆ ಬಯಲಿನ ಗಾಳಿಗೆ ಅದು ಎಲ್ಲಿ ಕೇಳಬೇಕು? ಕಾಡಿನ ಗಂಡು ಸುಲಭವಾಗಿ ಕೋಡು ಬಿಡಿಸಿಕೊಂಡು, ಪಕ್ಕಕ್ಕೆ ಸರಿದು, ಅವಳು ಬೆರಳಿಟ್ಟು ತೋರಿಸಿದ ಜಾಗಕ್ಕೇ ಇರಿಯಿತು. ಇನ್ನೊಮ್ಮೆ ಇರಿಯಿತು. ರಾಜ ಏಳಲೇ ಇಲ್ಲ. ಅಲ್ಲಾಡಲೂ ಇಲ್ಲ. ನಾವು ಓಡಿ ಬರುತ್ತೇವೆ ಅಂತ ಕಾಯುತ್ತಿದ್ದ.

ಓಡಿದೆವು. ರೇಂಜರು, ನಾನು, ಖಾಸಿಂ ಸಾಬ್, ಎಲ್ಲರಿಗಿಂತ ಮುಂದೆ ಅವಳು. ಎರೆಮಣ್ಣಿನಲ್ಲಿ ಕಾಲು ಹೂತುಕೊಳ್ಳುತ್ತಿತ್ತು. ನಮ್ಮನ್ನು ನೋಡಿ ಆ ಗಂಡು ಹಿಂಡಿನೊಂದಿಗೆ ಹಾರಿ ಹೋಯಿತು. ನಾವು ಮುಟ್ಟುವಷ್ಟರಲ್ಲಿ ರಾಜ ಒಂದು ಮಗ್ಗುಲಿಗೆ ಒರಗಿದ್ದ. ಹುಲಿಗೆಮ್ಮ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಪಕ್ಕೆಯ ಗಾಯವನ್ನು ನಾನು ಟವಲ್ಲಿನಿಂದ ಒತ್ತಿ ಹಿಡಿದೆ, ರಕ್ತ ನಿಲ್ಲಲಿಲ್ಲ. ಅವನು ಮಾತ್ರ ಹೆದರಿದ ಹಾಗೆ ಕಾಣಲಿಲ್ಲ. ಮೂತಿಯಿಂದ ಅವಳ ಮುಷ್ಟಿಯನ್ನು ತಿವಿದು ತಿವಿದು ಬಿಡಿಸಲು ನೋಡುತ್ತಿದ್ದ.

"ಏನು ಬೇಕಂತ ಅದಕ್ಕ?" ಅಂದರು ರೇಂಜರು.

"ಬೆಲ್ಲ" ಅಂದಳು. "ಹಿಡಿದ ಮ್ಯಾಲೆ ಒಂದು ಚೂರು ಬೆಲ್ಲ ಕೊಡ್ತಿದ್ವಿರಿ. ಅದನ್ನ ಕೇಳಾಕತ್ಯಾನ. ಹಿಡಿದು ಕೊಟ್ಟೀನಿ ಅಂತ ತಿಳ್ಕೊಂಡಾನ್ರಿ."

ನಮ್ಮ ಯಾರ ಹತ್ತಿರವೂ ಬೆಲ್ಲ ಇರಲಿಲ್ಲ. ಖಾಸಿಂ ಸಾಬ್ ಚಪ್ಪಲಿ ಬಿಟ್ಟು ಓಡಿದ. ಆಚೆ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸರ ಬುತ್ತಿ ಗಂಟಿನಿಂದ ಒಂದು ಉಂಡೆ ಇಸಿದುಕೊಂಡು ಬಂದ. ಅಷ್ಟರಲ್ಲಿ ರಾಜನ ಕಣ್ಣುಗಳು ನಿಂತುಹೋಗಿದ್ದವು. ಹುಲಿಗೆಮ್ಮ ಬೆಲ್ಲವನ್ನು ಹಲ್ಲಿನಿಂದ ಕಡಿದು, ಚೂರು ಮಾಡಿ, ಅವನ ತುಟಿ ಸರಿಸಿ ನಾಲಿಗೆಯ ಮೇಲಿಟ್ಟಳು. ಬಾಯಿ ಮುಚ್ಚಿ ಕೈಯಿಂದ ಹಿಡಿದುಕೊಂಡು ಕೂತಳು, ಕರಗಲಿ ಅಂತ.

ನಾನು ಮಹಜರಿನ ಕಾಗದ ತೆಗೆದೆ. ಅದೇ ಅಲ್ಲವೆ ನಮಗೆ ಕಲಿಸಿದ್ದು. ರೇಂಜರು ನನ್ನ ಕೈ ಹಿಡಿದು, "ತಡಿಯಪಾ, ಅಕಿ ಎದ್ದ ಮ್ಯಾಲೆ ಬರಿ" ಅಂದರು.

ಹೊತ್ತು ನೆತ್ತಿಗೆ ಬರುವ ತನಕ ಅವಳು ಏಳಲಿಲ್ಲ.